ಸಾಹುಕಾರ ತಂದ ಸೀರೆ

ಮಾಗಿಯ ಚಳಿ. ಕಮಲಾಪುರದ ಹೊಲಗಳಲ್ಲಿ ತೊಗರಿ ಕೊಯ್ಲು ಜೋರಾಗಿ ನಡೆದಿತ್ತು.

ನಾನು ಕೊಯ್ಯುತ್ತಿರಲಿಲ್ಲ. ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಒಂದು ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ!

ನಗಬೇಡಿ. ಈ ಮೀಸೆಗೆ ಮೂರು ತಾಲ್ಲೂಕಿನ ದನಗಳ್ಳರು ಹೆದರುತ್ತಿದ್ದರು.

ಎಮ್ಮೆ ಹಿಂಗಾಲು ಎತ್ತಿತು...

ತಡೆಯಿರಿ. ಮೊದಲಿನಿಂದ ಹೇಳುತ್ತೇನೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ವರ್ಷ ಕಳೆದಿತ್ತು. ನಾನು ಮಾಪಣ್ಣ. ಕಳುವಾದ ದನ ಪತ್ತೆ ಹಚ್ಚುವುದು ನನ್ನ ಕಸುಬು. ಕಲಬುರಗಿಯ ತೊಗರಿ ಸಾಹುಕಾರ ಜಗದೇವಪ್ಪ ಕರೆಸಿದ.

"ಹೇಣ್ತಿ ಹೋಗ್ಯಾಳ ಮಾಪಣ್ಣ. ಎಮ್ಮಿ, ಕರ ಎರಡೂ ಹೊಡಕೊಂಡು."

"ಹೇಣ್ತಿಗಿ ಹುಡುಕಬೇಕೇನ್ರಿ?"

"ಎಮ್ಮಿ ಹುಡುಕು! ಎಮ್ಮಿ ಇಲ್ಲಾಂದ್ರ ಅಕಿ ಹೊಟ್ಟಿಗಿ ಏನದ? ತಾನೇ ಬಂದು ಕಾಲಿಗಿ ಬೀಳ್ತಾಳ."

ಶಹಾಬಜಾರಿನಲ್ಲಿ ಅವನಿಗೆ ಚಂದಮ್ಮ ಎಂಬ ಇನ್ನೊಬ್ಬಳಿದ್ದದ್ದು ಊರಿಗೇ ಗೊತ್ತು. ನನಗೇನು? ಕೇಸು ಕೇಸೇ.

ಒಂದು ಗೊರಸು ಬಿರುಕು ಬಿಟ್ಟಿದ್ದ ಎಮ್ಮೆಯ ಹೆಜ್ಜೆ ಹಿಡಿದು ಹೊರಟೆ. ಮಹಾಗಾಂವ ದಾಟಿತು. ಕಮಲಾಪುರದ ಬಾಳೆತೋಟದ ಪಕ್ಕ, ಸಾಹುಕಾರನ ಹೆಂಡತಿಯ ತೀರಿಹೋದ ಅಪ್ಪನ ಮನೆಯಂಗಳದಲ್ಲಿ ನಿಂತಿತು. ಅಲ್ಲಿ ಆ ಹೆಂಡತಿ, ಶಿವಕಾಂತಮ್ಮ. ಕೈಯಲ್ಲಿ ಕುಡುಗೋಲು!

"ಮುಂದ ಬಂದ್ರ ಮೀಸಿ ಕೊಯ್ತೀನಿ! ಇದು ನಮ್ಮಪ್ಪ ಮದಿವ್ಯಾಗ ಕೊಟ್ಟ ಎಮ್ಮಿ."

ಬೆನ್ನಿಗೇ ಸಾಹುಕಾರನ ಮೋಟಾರು ಬಂತು. "ಸುಳ್ಳು! ನಾ ಸಂತ್ಯಾಗ ತಂದದ್ದು!"

ಜಗಳ ಊರ ಹಿರಿಯ ಪಾಟೀಲ ಮಹಾದೇವಪ್ಪನ ಹೊಲದವರೆಗೆ ಹೋಯಿತು. ಅವನು ತಲೆ ಎತ್ತಲಿಲ್ಲ.

"ನನ್ನ ತೊಗರಿ ಉದರಾಕತ್ತದ. ಸಂಜಿಗಿ ಯಾರಿಗಿ ಹಾಲು ಬಿಡ್ತದೋ, ಎಮ್ಮಿ ಅವರದು. ನಡೀರಿ."

ಮನೆಯೊಡತಿ ಇಲ್ಲದಾಗ ಅವಳ ಸೀರೆ ಉಟ್ಟು ಕೂತರೆ ಎಮ್ಮೆ ಮೋಸ ಹೋಗುತ್ತದೆ. ಹಳೆಯ ಉಪಾಯ. ಸಾಹುಕಾರನ ಕಿವಿಯಲ್ಲಿ ಊದಿದೆ; ಅವನ ಪರವಾಗಿ ನಾನೇ ಕೂರುವುದೆಂದಾಯಿತು. ಮೋಟಾರು ಕಲಬುರಗಿಗೆ ಓಡಿತು. ಸಂಜೆಗೆ ಒಂದು ಗಂಟು ತಂದಿತು.

ಬಿಚ್ಚಿದೆ. ಘಮ್ ಎಂದು ಅತ್ತರು!

ಸಗಣಿ ಬಾಚುವ ಹೆಂಗಸಿಗೆ ಅತ್ತರು ಎಲ್ಲಿಂದ? ಅಲ್ಲೇ ಕೇಳಬೇಕಿತ್ತು... ಕೇಳಲಿಲ್ಲ. ಉಟ್ಟೆ. ಕೂತೆ.

ಎಮ್ಮೆ ಒಮ್ಮೆ ಮೂಸಿತು.

ಢಣ್! ಚರಿಗೆ ಗೋಡೆಗೆ. ನಾನು ಗೊಬ್ಬರದ ತಿಪ್ಪೆಗೆ. ಎದ್ದು ಓಡಿದೆ. ಹಿಂದೆ ಎಮ್ಮೆ, ಕೊಂಬಿನಲ್ಲಿ ಸೆರಗು. ಸೀರೆ ಸುತ್ತು ಸುತ್ತಾಗಿ ಬಿಚ್ಚಿತು. ಬರೀ ಚಡ್ಡಿಯಲ್ಲಿ ಮೋಟಾರಿನ ನೆತ್ತಿ ಹತ್ತಿದೆ!

ಶಿವಕಾಂತಮ್ಮ ಸೀರೆ ಎತ್ತಿ ಹಿಡಿದಳು.

"ಇದು ನಂದಲ್ಲ."

"ನಿಂದೇ!" ಸಾಹುಕಾರ ಕೂಗಿದ. "ಮನಿ ಹಗ್ಗದ ಮ್ಯಾಲಿಂದೇ ತಂದೀನಿ!"

"ನಾ ಬಿಟ್ಟು ನಾಕು ದಿನ ಆಗಿಲ್ಲ... ಚಂದಮ್ಮನ ಸೀರಿ ನಮ್ಮ ಹಗ್ಗಕ್ಕ ಬಂತೇನ್ರಿ?"

ಕೊಯ್ಲಿನ ಹೆಂಗಸರೆಲ್ಲ ಅಲ್ಲೇ ಇದ್ದರು. ಎಲ್ಲರೂ ನಕ್ಕರು, ಒಬ್ಬಳೂ ಬಾಯಿಗೆ ಸೆರಗು ಹಿಡಿಯಲಿಲ್ಲ.

ಶಿವಕಾಂತಮ್ಮ ಕೂತಳು. ಹಾಲು ಚರಿಗೆಗೆ ಸುರ್ ಸುರ್ ಎಂದು ಇಳಿಯಿತು. ತಿರುಗದೇ ಹೇಳಿದಳು:

"ಹನ್ನೆರಡು ವರ್ಷ ಆತು. ನಾ ಏನ್ ಉಡ್ತೀನಿ ನಿಮಗ ಗೊತ್ತಿಲ್ರಿ. ಎಮ್ಮಿಗಿ ಗೊತ್ತದ."

"ಆತು, ಆತು... ನಡಿ ಮನಿಗಿ."

"ಮನ್ಯಾಗೇ ಅದೀನಿ."

ಪಾಟೀಲ ಆಗಲೇ ಹೊಲದ ಕಡೆ ತಿರುಗಿದ್ದ.

ನನ್ನ ಕೂಲಿ ಕೇಳಿದರೆ ಸಾಹುಕಾರ ಈಗಲೂ ಒಂದೇ ಮಾತು ಹೇಳುತ್ತಾನೆ: "ಚಂದಮ್ಮ ಜೀವಾ ತಿನ್ನಾಕತ್ಯಾಳ. ಮೊದಲು ಆ ಸೀರಿ ತಾ!"

ಸೀರೆ ಕಮಲಾಪುರದಲ್ಲಿದೆ. ಶಿವಕಾಂತಮ್ಮ ಚಳಿಗೆಂದು ಕರುವಿನ ಮೈಗೆ ಹೊದಿಸಿದ್ದಾಳೆ.

ಬೇಕಾದವನು ಹೋಗಿ ಬಿಚ್ಚಿಕೊಳ್ಳಲಿ... ತಾಯಿಯನ್ನು ಪಕ್ಕದಲ್ಲೇ ಕಟ್ಟಿದ್ದಾಳೆ!