ಗೆರೆ ಮುಗಿಯುವವರೆಗೆ

ಹೆಗಲ ಮೇಲೆ ಹಲಗೆ ಹೊತ್ತು ಯಾರೋ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಪೇಂಟರಮ್ಮ ತಲೆ ಎತ್ತಲಿಲ್ಲ. ಬೇಕರಿಯೊಂದರ ಬೋರ್ಡಿಗೆ ಕೊನೆಯ ಅಕ್ಷರದ ನೆರಳು ಬರೆಯುತ್ತಿದ್ದಳು. "ಅಲ್ಲೇ ಗೋಡೆಗೆ ಒರಗಿಸಿ," ಎಂದಳು.

"ಹಳೇ ಜಾಗದಲ್ಲೇನಾ?"

ಬ್ರಷ್ ನಿಂತಿತು. ಆ ದನಿ ಕೇಳಿ ವರ್ಷಗಳೇ ಕಳೆದಿದ್ದವು. ಆದರೂ ಹಾಳು ಕಿವಿ ಅದನ್ನು ಮರೆತಿರಲಿಲ್ಲ.

ಬಾಗಿಲಲ್ಲಿ ಬಡಗಿ ನಿಂತಿದ್ದ. ಕಿವಿಯ ಮೇಲೆ ಅದೇ ಮೋಟು ಪೆನ್ಸಿಲ್, ಅಂಗಿಯ ತೋಳಿನ ಮೇಲೆ ಅದೇ ಮರದ ಹೊಟ್ಟು. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು ಹೊಸದಾಗಿ ಬಂದಿದ್ದವು. ಅವು ಅವನಿಗೆ ಒಪ್ಪುತ್ತಿದ್ದವು ಅನ್ನುವುದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮೂಲೆಯಲ್ಲಿ ಬ್ರಷ್‌ಗಳನ್ನು ತೊಳೆಯುತ್ತಿದ್ದ ಅವಳ ಸೋದರತ್ತೆ ಕನ್ನಡಕ ಸರಿಮಾಡಿಕೊಂಡರು. "ಓಹೋ! ಭೂಮಿ ಗುಂಡಗಿದೆ ಅಂತ ಸ್ಕೂಲಲ್ಲಿ ಹೇಳಿದ್ದು ನಿಜಾನೇ ಹಾಗಾದ್ರೆ."

"ಚೆನ್ನಾಗಿದೀರಾ ಅತ್ತೆ?"

"ನನಗೇನಪ್ಪ ಧಾಡಿ. ಕೈ ನೋಯತ್ತೆ, ಕಾಲು ನೋಯತ್ತೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ."

ಅವನು ನಕ್ಕು ಹಲಗೆಯನ್ನು ಗೋಡೆಗೆ ಒರಗಿಸಿದ. ಸಾಗುವಾನಿ. ಅವನೇ ಹೆರೆದದ್ದು ಎಂದು ಯಾರೂ ಹೇಳಬೇಕಿರಲಿಲ್ಲ. ಅಂಗೈ ಸವರಿದರೆ ಎಲ್ಲೂ ತಡೆಯುತ್ತಿರಲಿಲ್ಲ.

"ಒಂದು ಕೋಣೆ ಕಟ್ಟಿದೀನಿ ಕಣೇ," ಎಂದ ಅವಳ ಕಡೆ ತಿರುಗಿ. "ಬಣ್ಣ, ಬಟ್ಟೆ, ದಾರ, ಕತ್ತರಿ, ಎಲ್ಲಾ ಹರಡ್ಕೊಂಡು ಕೂತು ಕೆಲಸ ಮಾಡೋಕೆ. ಕಿಟಕಿ ದೊಡ್ಡದು ಇಟ್ಟಿದೀನಿ. ಬಾಗಿಲಿಗೊಂದು ಬೋರ್ಡ್ ಬೇಕು. 'ಕೈಕೆಲಸದ ಕೋಣೆ' ಅಂತ. ಒಂದೊಂದು ಅಕ್ಷರ ಒಂದೊಂದು ಬಣ್ಣ."

ಅವಳು ಅವನ ಕಡೆ ಪೂರ್ತಿ ತಿರುಗಿದಳು.

ಆ ಕೋಣೆ ಅವಳದು. ಹಿಂದೆ, ಅವನು ಇದೇ ಅಂಗಡಿಯ ಹಿತ್ತಿಲಲ್ಲಿ ಹಲಗೆ ಹೆರೆದುಕೊಡುತ್ತಿದ್ದ ಕಾಲದಲ್ಲಿ, ಒಂದೇ ಬೆಂಚಿನ ಮೇಲೆ ಚಹಾ ಕುಡಿಯುತ್ತ ಅವಳೇ ಹೇಳಿದ್ದಳು. ಊರಿನವರ ಬಾಗಿಲಿಗೆಲ್ಲ ಬೋರ್ಡ್ ಬರೀತೀನಿ, ನನಗೂ ಒಂದು ಕೋಣೆ ಬೇಕು, ದೊಡ್ಡ ಕಿಟಕಿ ಇರಬೇಕು, ಬಾಗಿಲ ಮೇಲೆ ಬಣ್ಣಬಣ್ಣದ ಬೋರ್ಡಿರಬೇಕು. "ಹಲಗೆ ನಂದು," ಎಂದಿದ್ದ ಅವನು, ಚಹಾದ ಲೋಟ ಮುಂದೆ ಹಿಡಿದು, ಆಣೆ ಮಾಡುವವನಂತೆ.

ಹಾಗಾದರೆ ಇವನು ಮರೆತಿಲ್ಲ. ಕಟ್ಟಿ ಮುಗಿಸಿಯೇ ಬಂದಿದ್ದಾನೆ. ಅವಳು ತಲೆಗೂದಲನ್ನು ಕಿವಿಯ ಹಿಂದೆ ಸರಿಸಲು ಹೋಗಿ ಕೆನ್ನೆಗೆ ಬಣ್ಣ ಮೆತ್ತಿಕೊಂಡಳು.

"ಇನ್ನೂ ಅಭ್ಯಾಸ ಹೋಗಿಲ್ಲ ನೋಡು," ಎಂದ ಅವನು ತನ್ನ ಕೆನ್ನೆ ಮುಟ್ಟಿ ತೋರಿಸುತ್ತ. ಕಣ್ಣಲ್ಲಿ ಹಳೆಯ ತುಂಟತನ. "ಬೋರ್ಡಿಗೆ ಅರ್ಧ, ಮುಖಕ್ಕೆ ಅರ್ಧ. ಬಣ್ಣ ನಾಳೆ ಟೀಚರೇ ಬಂದು ಆರಿಸ್ತಾಳಂತೆ."

"ಯಾವ ಟೀಚರ್?"

"ಅಯ್ಯೋ, ಹೇಳಲಿಲ್ವಾ? ಮದುವೆ ಆಗ್ತಿದೀನಿ. ಅವಳು ಮಕ್ಕಳಿಗೆ ಬಟ್ಟೆ ಗೊಂಬೆ ಮಾಡೋದು ಹೇಳಿಕೊಡ್ತಾಳೆ. ಕೋಣೆ ಅವಳಿಗೇ."

ಸೋದರತ್ತೆಯ ಕೈಯಲ್ಲಿನ ಬ್ರಷ್ ಟರ್ಪಂಟೈನ್ ಡಬ್ಬಿಯೊಳಗೆ ಮುಳುಗಿತು. ಬೀದಿಯಲ್ಲಿ ಯಾವುದೋ ಸೈಕಲ್ ಬೆಲ್ ಹೊಡೆದುಕೊಂಡು ಹೋಯಿತು.

"ಹಲಗೆ ಚೆನ್ನಾಗಿದೆ," ಎಂದಳು ಪೇಂಟರಮ್ಮ.

---

ಅವರಿಬ್ಬರ ನಡುವೆ ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು.

ದೂರದ ಪಟ್ಟಣದ ಕಾರ್ಖಾನೆಯೊಂದರಲ್ಲಿ ಅವನಿಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಸಾಮಾನು ತುಂಬಿದ ವ್ಯಾನ್ ಬೀದಿಯಲ್ಲಿ ನಿಂತಿತ್ತು. ಅವಳು ಒಂದು ದೊಡ್ಡ ಬೋರ್ಡಿನ ಮುಂದೆ ಕೂತು ಅಂಚಿನ ಗೆರೆ ಎಳೆಯುತ್ತಿದ್ದಳು. ಅವನು ಬಂದು ಹಿಂದೆ ನಿಂತ. ಮುಖ ನೋಡಿ ಕೇಳುವ ಧೈರ್ಯವಿಲ್ಲದೆ ಬೆನ್ನಿಗೇ ಕೇಳಿದ: "ನಾನು ಹೋಗಲಾ, ಬೇಡವಾ? ನೀನು ಒಂದು ಮಾತು ಹೇಳು, ಇಲ್ಲೇ ಇದ್ದುಬಿಡ್ತೀನಿ."

ಅಕ್ಷರ ಬರೆಯುವಾಗ ಅವಳು ಹರಟೆ ಹೊಡೆಯುತ್ತಿದ್ದಳು, ಹಾಡಿಕೊಳ್ಳುತ್ತಿದ್ದಳು. ಅಂಚಿನ ಗೆರೆ ಬೇರೆ ಮಾತು. ಅದನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ಉಸಿರು ಬಿಟ್ಟರೆ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ಗೆರೆ ನಡುಗುತ್ತದೆ. ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ ಪಾಠ. ಬ್ರಷ್ ಹಲಗೆಯ ನಡುವಿಗೆ ಬಂದಿತ್ತು. ಇನ್ನರ್ಧ ಎಳೆದು ಹೇಳಿಬಿಡೋಣ ಎಂದುಕೊಂಡಳು. ಬಾಯಿ ಮುಚ್ಚಿಕೊಂಡು, ಕಣ್ಣು ಗೆರೆಯ ಮೇಲೆ ನೆಟ್ಟು, ಮನಸ್ಸಿನಲ್ಲಿ ಬೇಡ ಬೇಡ ಹೋಗಬೇಡ ಎನ್ನುತ್ತಲೇ ಎಳೆದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು. ಗೆರೆ ಮುಗಿಸಿ ತಿರುಗಿದರೆ ಯಾರೂ ಇಲ್ಲ. ಬೀದಿಗೆ ಓಡಿದಳು. ವ್ಯಾನ್ ತಿರುವು ದಾಟಿತ್ತು.

ಆಗಲೇ ಫೋನ್ ಮಾಡಬಹುದಿತ್ತು. ಆದರೆ ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಗೆರೆ ಮುಗಿಯುವವರೆಗೆ ಕಾಯಲಾಗದವನು ಜೀವನದಲ್ಲಿ ಏನು ಕಾದಾನು? ಅವನೇ ಮಾಡಲಿ ಎಂದು ಮುಖ ಊದಿಸಿಕೊಂಡು ಕೂತಳು. ಆಮೇಲೆ ಸಿಟ್ಟು ಇಳಿಯಿತು, ನಾಚಿಕೆ ಉಳಿಯಿತು. ಎಷ್ಟೋ ಸಲ ಮೆಸೇಜ್ ಟೈಪ್ ಮಾಡಿ ಅಳಿಸಿದಳು. ಆ ಬೋರ್ಡನ್ನು ಊರಿನವರೆಲ್ಲ ಹೊಗಳಿದರು. ಎಂಥ ಗೆರೆ, ಕೂದಲೆಳೆಯಷ್ಟೂ ಅಲ್ಲಾಡಿಲ್ಲ ಎಂದರು. ಅವಳು ಆ ಬೀದಿಗೆ ಹೋಗುವುದನ್ನೇ ಬಿಟ್ಟಳು.

---

ಮರುದಿನ ಟೀಚರ್ ಬಂದರು. ಕೈಚೀಲ ತೆರೆದು ಮೇಜಿನ ಮೇಲೆ ಬಟ್ಟೆಯ ತುಂಡುಗಳನ್ನು ಸುರಿದರು.

"ನನಗೆ ಬಣ್ಣದ ಹೆಸರು ಹೇಳೋಕೆ ಬರಲ್ಲ, ತೋರಿಸ್ತೀನಿ. ಇದು 'ಕೈ'ಗೆ. ಈ ಕಿತ್ತಳೆ 'ಕೆ'ಗೆ. ಈ ಹಸಿರು ಇದೆಯಲ್ಲ, ನನ್ನ ಮೊದಲ್ನೇ ಗೊಂಬೆ ಲಂಗ. ಗೊಂಬೆ ಮೂಗು ಮಾತ್ರ ಆಲೂಗಡ್ಡೆ ಥರ ಬಂದಿತ್ತು."

ಸೋದರತ್ತೆ ಕಿಸಕ್ಕನೆ ನಕ್ಕುಬಿಟ್ಟರು. ತಕ್ಷಣ ಪೇಂಟರಮ್ಮನ ಮುಖ ನೋಡಿ ಕೆಮ್ಮಿದರು.

ದ್ವೇಷಿಸಲು ಒಂದೇ ಒಂದು ಕಾರಣ ಸಿಕ್ಕಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಪೇಂಟರಮ್ಮ ಹುಡುಕಿದಳು, ಸಿಗಲಿಲ್ಲ. ಟೀಚರ್ ನೀರು ಕೇಳಿ ಕುಡಿದರು, ಲೋಟ ತಾವೇ ತೊಳೆದಿಟ್ಟರು. ಹೊರಡುವಾಗ ಅವಳ ಕೈ ಹಿಡಿದು, "ನೀವು ಬರೆದ್ರೆ ಮಾತ್ರ ಅದು ಬೋರ್ಡು ಅಂತಾರೆ ಅವರು. ಅಷ್ಟು ಇಷ್ಟ ಇದ್ದ ಜಾಗ ಬಿಟ್ಟು ಯಾಕೆ ಹೋದ್ರೋ, ಕೇಳಿದ್ರೆ ಹೇಳಲ್ಲ," ಎಂದರು.

"ಅಲ್ಲಿ ಒಳ್ಳೇ ಕೆಲಸ ಸಿಕ್ತಲ್ಲ," ಎಂದಳು ಅವಳು.

ಆಮೇಲೆ ಪ್ರೈಮರ್ ಬಳಿದಳು, ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿದಳು, ತಿಳಿ ಹಳದಿಯ ಹಿನ್ನೆಲೆ ಹಾಕಿದಳು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಎಳೆದು ಮೀಟಿ ಅಕ್ಷರಗಳ ಸಾಲು ಗುರುತು ಮಾಡಿಕೊಂಡಳು. ಏಳು ಅಕ್ಷರಕ್ಕೆ ಏಳು ಬಣ್ಣ. ತಲೆಕಟ್ಟು, ದೀರ್ಘ, ತಿರುವುಗಳನ್ನೆಲ್ಲ ತನ್ನದೇ ಬಾಗಿಲಿಗೆ ಬರೆಯುವಷ್ಟು ಮುದ್ದಿನಿಂದ ಬರೆದಳು. ಬೇರೆ ಥರ ಬರೆಯಲು ಕೈಗೆ ಗೊತ್ತಿರಲಿಲ್ಲ.

"ಹೇಳಿಬಿಡೇ," ಎಂದರು ಸೋದರತ್ತೆ ಒಂದು ದಿನ, ಇದ್ದಕ್ಕಿದ್ದಂತೆ.

"ಏನು ಹೇಳಲಿ?"

"ನನ್ನ ಹತ್ರ ನಾಟಕ ಆಡಬೇಡ. ಒಳಗೇ ಇಟ್ಕೊಂಡು ಕೊರಗಿದ್ದು ಸಾಕು."

"ಹೇಳಿದ್ರೆ ಆ ಟೀಚರ್ ಗತಿ ಏನತ್ತೆ?"

ಸೋದರತ್ತೆ ತೊಳೆದಿಟ್ಟ ಬ್ರಷ್‌ಗಳನ್ನೇ ಮತ್ತೆ ತೊಳೆಯಲು ಕೂತರು.

---

ಬೋರ್ಡ್ ನೋಡಲು ಅವನು ಮಧ್ಯಾಹ್ನ ಬಂದ. ಅಂಚಿನ ಗೆರೆಯೊಂದು ಬಾಕಿಯಿತ್ತು. "ಸಕ್ಕರೆ ತರ್ತೀನಿ," ಎಂದು ಸೋದರತ್ತೆ ಚೀಲ ಹಿಡಿದು ಹೊರಟರು. ಡಬ್ಬಿಯ ತುಂಬ ಸಕ್ಕರೆಯಿತ್ತು.

ಅವನು ಬಹಳ ಹೊತ್ತು ಅಕ್ಷರಗಳನ್ನು ನೋಡಿದ. "ನೀನು ಆಗ ಹೇಳ್ತಿದ್ದ ಥರಾನೇ ಬಂದಿದೆ," ಎಂದ ಮೆಲ್ಲಗೆ.

"ನೆನಪಿದೆಯಾ ನಿಂಗೆ?"

"ಕಟ್ಟೋವಾಗೆಲ್ಲಾ ನೆನಪಿತ್ತು. ತಪ್ಪು ಅಂತ ಗೊತ್ತು. ಆದ್ರೆ ಕೋಣೆ ಅಂದ್ರೆ ನಂಗೆ ಬೇರೆ ಥರ ಕಟ್ಟೋಕೇ ಬರಲಿಲ್ಲ."

ಅವಳು ಚಪ್ಪಟೆ ಬ್ರಷ್ಷನ್ನು ನೀಲಿಯಲ್ಲಿ ಅದ್ದಿ, ಕೈಗೆ ಆಸರೆಯಾಗಿ ಹಲಗೆಗೆ ಅಡ್ಡ ಹಿಡಿದ ಕೋಲಿನ ಮೇಲೆ ಮಣಿಕಟ್ಟು ಊರಿ, ಉಸಿರೆಳೆದುಕೊಂಡು ಮೇಲಿನ ಗೆರೆ ಶುರುಮಾಡಿದಳು. ಅವನು ಹಿಂದೆ ನಿಂತಿದ್ದ. ಅದೇ ಜಾಗ.

"ಒಂದು ಕೇಳಲಾ? ಅವತ್ತು ಯಾಕೆ ಏನೂ ಹೇಳಲಿಲ್ಲ?"

ಬ್ರಷ್ ನಡುವಿಗೆ ಬಂದಿತ್ತು.

ಅವಳು ಉಸಿರು ಬಿಟ್ಟಳು. ಗೆರೆ ನಡುಗಿ ಸೊಟ್ಟಗಾಯಿತು.

"ಉಸಿರು ಹಿಡಿದಿದ್ದೆ ಕಣೋ."

"ಅಂದ್ರೆ?"

"ಅಂಚು ಎಳೀವಾಗ ಉಸಿರು ಬಿಡಬಾರದು. ಬಿಟ್ರೆ ಹೀಗಾಗತ್ತೆ, ನೋಡು."

ಅವನು ಬಗ್ಗಿ ಆ ಸೊಟ್ಟ ಗೆರೆಯನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. "ನಾನು... ನೀನು ಬೆನ್ನು ತಿರುಗಿಸಿ ಕೂತಿದ್ದೆಯಲ್ಲ, ಇಷ್ಟ ಇಲ್ಲ ಅಂದ್ಕೊಂಡೆ."

"ಮುಗಿಸಿ ತಿರುಗೋಷ್ಟರಲ್ಲಿ ನೀನಿರಲಿಲ್ಲ."

"ಏನು ಹೇಳೋಳಿದ್ದೆ?"

"ಹೋಗಬೇಡ ಅಂತ."

ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಎಷ್ಟು ಚಿಕ್ಕದಾಗಿತ್ತು ಎಂದು ಅವಳಿಗೇ ಅಳು ಬಂತು.

"ಒಂದು ಫೋನ್ ಮಾಡಬಾರದಿತ್ತಾ?" ಅವನ ದನಿ ಒಡೆದಿತ್ತು.

"ಒಂದು ಗೆರೆ ಕಾಯಬಾರದಿತ್ತಾ?"

ಅವಳು ಮುಂಗೈಯಿಂದ ಕಣ್ಣು ಒರೆಸಿಕೊಂಡಳು. "ನಿಂದೇ ತಪ್ಪು ಅಂತ ಹೇಳ್ತಿಲ್ಲ. ಹಸಿ ಬಣ್ಣ. ಕೆಟ್ಟಿದ್ರೆ ಒರೆಸಿ ಇನ್ನೊಂದು ಎಳೀಬಹುದಿತ್ತು. ಅವತ್ತು ನಂಗೆ ಗೆರೇನೇ ಹೆಚ್ಚಾಯ್ತು."

ಅವನು ಎದ್ದ. ಈ ಸಲ ಹಿಂದೆ ನಿಲ್ಲಲಿಲ್ಲ, ಎದುರಿಗೆ ಬಂದು ಕಣ್ಣಲ್ಲಿ ಕಣ್ಣಿಟ್ಟು ನಿಂತ. "ಈಗಲೂ... ನೀನು ಒಂದು ಮಾತು ಹೇಳು."

ಹೇಳಲು ಅಡ್ಡಿಯಿರಲಿಲ್ಲ. ಬ್ರಷ್ ಹಲಗೆಯ ಮೇಲಿರಲಿಲ್ಲ. ಮಾತು ನಾಲಿಗೆಯ ತುದಿಯಲ್ಲಿತ್ತು, ಅವಳಿಗೆ ಅದು ಬೇಕಾಗಿತ್ತು, ಪ್ರಾಣದಷ್ಟು ಬೇಕಾಗಿತ್ತು. ಮೇಜಿನ ಮೇಲೆ ಟೀಚರ್ ಬಿಟ್ಟುಹೋದ ಹಸಿರು ಬಟ್ಟೆಯ ತುಂಡಿತ್ತು. ಮೊದಲ ಗೊಂಬೆಯ ಲಂಗ.

ಅವಳು ಚಿಂದಿಗೆ ಟರ್ಪಂಟೈನ್ ಹಾಕಿ ಸೊಟ್ಟ ಗೆರೆಯನ್ನು ಪೂರ್ತಿ ಒರೆಸಿದಳು. ಏನೂ ಉಳಿಯಲಿಲ್ಲ.

"ಸುಮ್ನೆ ನಿಂತ್ಕೋ. ಅಂಚು ಎಳೀಬೇಕು," ಎಂದಳು. ಮತ್ತೆ ಬ್ರಷ್ ಅದ್ದಿ, ಉಸಿರು ಹಿಡಿದಳು.

ಅವನಿಗೆ ಅರ್ಥವಾಯಿತು. ಮಾತಾಡಲಿಲ್ಲ, ಕದಲಲಿಲ್ಲ. ಮೇಲಿನ ಗೆರೆ ಮುಗಿಯಿತು, ಬಲಗಡೆಯದು ಮುಗಿಯಿತು, ಕೆಳಗಿನದು, ಎಡಗಡೆಯದು. ಕೊನೆಯ ಮೂಲೆ ಕೂಡಿಸಿ ಉಸಿರು ಬಿಟ್ಟು ಅವಳು ತಲೆ ಎತ್ತಿದಳು. ಅವನು ಅಲ್ಲೇ ಇದ್ದ. ಕಣ್ಣುಗಳು ಕೆಂಪಾಗಿದ್ದವು.

"ಮುಗೀತಾ?"

"ಮುಗೀತು. ನಾಳೆ ಒಣಗಿರತ್ತೆ. ತಗೊಂಡು ಹೋಗೋಕೆ ಟೀಚರನ್ನೇ ಕಳಿಸು."

ಅವನು ತಲೆಯಾಡಿಸಿ, ಹಲಗೆಯ ಹಿಂಬದಿಯನ್ನು, ಬಣ್ಣವಿಲ್ಲದ ಬರೀ ಮರವನ್ನು, ಒಮ್ಮೆ ಅಂಗೈಯಿಂದ ಸವರಿ ಮೆಟ್ಟಿಲಿಳಿದು ಹೋದ.

ಸಕ್ಕರೆಯ ಪೊಟ್ಟಣ ಹಿಡಿದು ಸೋದರತ್ತೆ ಬಂದಾಗ ಅವಳು ಬ್ರಷ್ ತೊಳೆಯುತ್ತಿದ್ದಳು. ಸೋದರತ್ತೆ ಬೋರ್ಡ್ ನೋಡಿದರು, ಖಾಲಿ ಸ್ಟೂಲು ನೋಡಿದರು.

"ಹೋದ್ನಾ?"

"ಹೋದ ಅತ್ತೆ," ಎಂದಳು ಪೇಂಟರಮ್ಮ. "ಈ ಸಲ ಗೆರೆ ಮುಗಿಯೋವರೆಗೂ ಇದ್ದು ಹೋದ."