ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಹಳದಿ ಕಯಾಕ್

“ಅದರಿಂದ ಇಳೀರಿ ಮೇಡಂ,” ಎಂದ ಅಂಗಡಿಯವನು.

ಅವಳು ಇಳಿಯಲಿಲ್ಲ. ಅಂಗಡಿಯ ನಡುವೆ ಸ್ಟ್ಯಾಂಡಿನ ಮೇಲೆ ಇಟ್ಟಿದ್ದ ಕೆಂಪು ಕಯಾಕಿನಲ್ಲಿ ರಾಣಿಯ ಹಾಗೆ ಕೂತಿದ್ದಳು. ಒಬ್ಬರೇ ಕೂತು ಹುಟ್ಟು ಹಾಕುವ ದೋಣಿ ಅದು. ಉದ್ದ, ತೆಳ್ಳಗೆ, ನೋಡಿದರೆ ಕಣ್ಣು ಕೀಳಲಾಗದಂಥ ಬಣ್ಣ. ಅವಳ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ತನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ನೇರ ಇಲ್ಲಿಗೇ ಬಂದಿದ್ದಳು.

“ಕೂತು ನೋಡದೆ ಹೇಗೆ ತಗೊಳ್ಳೋದು? ನನ್ನ ಅಂಗಡೀಲಿ ಟ್ರಯಲ್ ಇಲ್ಲದೆ ಒಂದು ಕೋಟೂ ಆಚೆ ಹೋಗಲ್ಲ ಸಾರ್.”

“ಕೋಟು ಮಗುಚಿಕೊಳ್ಳಲ್ಲ ಮೇಡಂ.”

ಅವಳಿಗೆ ಸಿಟ್ಟು ಬಂತು. ಉತ್ತರ ಕೊಡಲು ಅವನತ್ತ ತುಸು ವಾಲಿದಳು. ಕಯಾಕೂ ವಾಲಿತು. ಮುಂದಿನ ಕ್ಷಣ ಅವಳು, ಹುಟ್ಟು, ಟೇಪು, ಎಲ್ಲವೂ ಅವನ ಮೇಲೆ! ಬೀಳುವಾಗ ಕೈಗೆ ಸಿಕ್ಕಿದ್ದು ಅವನ ಅಂಗಿ. ಅದು ಕಂಕುಳಿಂದ ಸೊಂಟದವರೆಗೆ ಪರ್ರನೆ ಹರಿಯಿತು.

ಇಬ್ಬರೂ ನೆಲದ ಮೇಲೆ. ಅವನ ಎದೆ ಡವಡವ ಎನ್ನುವುದು ಅವಳಿಗೆ ಕೇಳಿಸುತ್ತಿತ್ತು. ಅಥವಾ ಅದು ತನ್ನದೇ ಇರಬಹುದೇ…

“ಹತ್ತು ವರ್ಷದಿಂದ ಕಯಾಕ್ ಮಾರ್ತಿದೀನಿ,” ಅವನು ನಿಧಾನವಾಗಿ ಹೇಳಿದ. “ನೀರಿಲ್ಲದ ಕಡೆ ಮುಳುಗಿದವರು ನೀವೇ ಮೊದಲು.”

“ಅಂಗಿ ಬಿಚ್ಚಿ ಕೊಡಿ, ಹೊಲಿದು ಕೊಡ್ತೀನಿ,” ಎಂದಳು. ಹೇಳಿದ ಮೇಲೆ ಕಿವಿಯವರೆಗೂ ಕೆಂಪಾದಳು.

ಅವಳಿಗೆ ಕಯಾಕ್ ಯಾಕೆ ಬೇಕಿತ್ತು ಅನ್ನುವುದನ್ನು ಹೇಳಲೇಬೇಕು. ಚಿಕ್ಕವಳಿದ್ದಾಗ ಸೈಕಲ್ ಕೇಳಿದಳು. “ನಿನ್ನ ಕೈಯಲ್ಲಿ ಆಗಲ್ಲ ಬಿಡು,” ಎಂದರು ಅಮ್ಮ. ಕಾರು ಕಲಿಯುತ್ತೇನೆಂದಾಗ ಅಣ್ಣನೂ ಅದನ್ನೇ ಹೇಳಿದ. ಮೂಗಿನ ಮೇಲಿನ ಕನ್ನಡಕದ ಫ್ರೇಮನ್ನು ಕೂಡ ಅಮ್ಮನೇ ಆರಿಸಿದ್ದು. ಇಸ್ತ್ರಿ ಮೇಜಿನ ಎದುರಿನ ಕಿಟಕಿಯಿಂದ ದಿನವೂ ಕಡಲು ಕಾಣುತ್ತಿತ್ತು. ಒಂದು ದಿನ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಿರ್ಧಾರ ಮಾಡಿದಳು. ತಾನೇ ಒಂದು ದೋಣಿ ಆರಿಸಿ, ಒಬ್ಬಳೇ ಹುಟ್ಟು ಹಾಕಿ ಹೋಗಿ, ಒಂದೇ ಒಂದು ಮೀನನ್ನು ಕೈಯಾರೆ ಹಿಡಿದು ತರಬೇಕು.

“ಮಾರ್ಕೆಟ್ಟಲ್ಲಿ ಸತ್ತಿರೋ ಮೀನೇ ನಿನ್ನ ಕೈಯಿಂದ ಜಾರುತ್ತೆ,” ಎಂದು ಅಣ್ಣ ನಕ್ಕಿದ್ದ.

ಅಂಗಡಿಯವನದೊಂದು ನಿಯಮವಿತ್ತು. ಕೊಳ್ಳುವವರು ಅಂಗಡಿಯ ಹಿಂದೆ, ಕಲ್ಲಿನ ತಡೆಗೋಡೆಯೊಳಗಿನ ಶಾಂತ ನೀರಿನಲ್ಲಿ ಬೇಕೆಂದೇ ಬೀಳಬೇಕು, ಯಾರ ಸಹಾಯವೂ ಇಲ್ಲದೆ ಎರಡು ಸಲ ಮತ್ತೆ ಹತ್ತಬೇಕು. “ಬೀಳೋದು ಎಲ್ಲರಿಗೂ ಬರುತ್ತೆ. ಹತ್ತೋದು ಬಂದ್ರೆ ಮಾತ್ರ ಮಾರ್ತೀನಿ,” ಎನ್ನುತ್ತಿದ್ದ.

ಮೊದಲ ಭಾನುವಾರ ಲೈಫ್ ಜಾಕೆಟ್ ಬಿಗಿದು ನೀರಿಗಿಳಿದಳು. ಕೆಂಪು ಕಯಾಕ್ ಅವಳನ್ನು ಒಂದು ನಿಮಿಷವೂ ತಡೆದುಕೊಳ್ಳಲಿಲ್ಲ.

“ಇದು ಓಟದ ಕುದುರೆ. ಕೂತು ಗಾಳ ಹಾಕೋಕೆ ಅಗಲ ಬೇಕು,” ಎಂದು ಅವನು ಹಳದಿಯದನ್ನು ತಂದ. ಅಗಲ ಬೆನ್ನು, ಮೇಲೆ ಕೂರುವಂಥದ್ದು, ಒಳಗೆ ಬಂದ ನೀರು ತಾನೇ ಇಳಿದುಹೋಗಲು ತೂತುಗಳು, ಸೀಟಿನ ಹಿಂದೆ ಗಾಳದ ಕೋಲು ಸಿಕ್ಕಿಸಲು ಎರಡು ಕೊಳವೆ. ಬಣ್ಣ ಮಾತ್ರ ಅವಳಿಗೆ ಹಿಡಿಸಲಿಲ್ಲ. ಆದರೆ ಕೂತ ತಕ್ಷಣ ಗೊತ್ತಾಯಿತು. ಭುಜಕ್ಕೆ ಸರಿಯಾಗಿ ಕೂತ ಕೋಟಿನ ಹಾಗೆ… ಇದೇ!

ಮೂರು ಸಲ ಬಿದ್ದಳು, ಮೂರು ಸಲ ತಾನೇ ಹತ್ತಿದಳು. ಮೂಗಿನಿಂದ ನೀರು ಸುರಿಯುತ್ತಿದ್ದರೂ ಮುಖದ ತುಂಬ ನಗು.

“ಇದೇ ಕೊಡಿ.”

ಅವನು ಆ ನಗುವನ್ನೇ ನೋಡುತ್ತ ನಿಂತುಬಿಟ್ಟ. ಆಮೇಲೆ ಆಕಾಶ ನೋಡಿದ. “ಮುಂದಿನ ಭಾನುವಾರ ಇನ್ನೊಂದು ಸಲ ನೋಡೋಣ.”

ಎರಡನೇ ಭಾನುವಾರ ಪಾದ ಊರಿಕೊಳ್ಳುವ ಪಟ್ಟಿ ಸರಿಯಿಲ್ಲ ಎಂದ. ಮೂರನೆಯದಕ್ಕೆ ಗಾಳಿ ದಡದಿಂದಾಚೆಗೆ ಬೀಸುತ್ತಿದೆ, ಹೊಸಬರು ಅದನ್ನು ಮೊದಲು ಕಲಿಯಬೇಕು ಎಂದ. ಕಲಿಸಿದ. ನಾಲ್ಕನೆಯದಕ್ಕೆ ಸೀಟು ಮುಂದೆ ಸರಿಸಿದ, ಐದನೆಯದಕ್ಕೆ ಅದನ್ನೇ ಹಿಂದೆ ಸರಿಸಿದ.

ನಡುವೆ ಬುಧವಾರಗಳು ಬರುತ್ತಿದ್ದವು. ಹೊಲಿದು ಕೊಟ್ಟ ಅಂಗಿ ಹಿಡಿದು ಅವನೂ ಅವಳ ಅಂಗಡಿಗೆ ಬರುತ್ತಿದ್ದ.

“ಸ್ವಲ್ಪ ಸಡಿಲ ಅನ್ಸುತ್ತೆ.”

ಅವಳು ಅರ್ಧ ಇಂಚು ಹಿಡಿದಳು. ಮುಂದಿನ ಬುಧವಾರ, “ಸ್ವಲ್ಪ ಬಿಗಿ.” ಅರ್ಧ ಇಂಚು ಬಿಟ್ಟಳು. ಅದರ ಮುಂದಿನ ಬುಧವಾರ ಮತ್ತೆ ಸಡಿಲ. ಅವಳು ಮತ್ತೆ ಮತ್ತೆ ಪಿನ್ನು ಚುಚ್ಚುತ್ತಿದ್ದಳು. ಅವನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಆರನೇ ಶನಿವಾರ ಪೋಸ್ಟ್‌ಮ್ಯಾನ್ ಪ್ಯಾಂಟು ಚಿಕ್ಕದು ಮಾಡಿಸಲು ಬಂದ.

“ಕಯಾಕ್ ತಗೊಂಡೆ ಮೇಡಂ. ಹೋದ ತಿಂಗಳು. ಬೆಳಿಗ್ಗೆ ಹೋದೆ, ಎರಡು ಸಲ ಬಿದ್ದೆ, ಹತ್ತಿದೆ, ಮಧ್ಯಾಹ್ನಕ್ಕೆ ಕೊಟ್ಟೇಬಿಟ್ರು.”

ಅವಳ ಕೈಯಲ್ಲಿದ್ದ ಕತ್ತರಿ ನಿಂತಿತು. ಪೋಸ್ಟ್‌ಮ್ಯಾನ್‌ಗೆ ಒಂದು ದಿನ. ನನಗೆ ಐದು ಭಾನುವಾರ. ಅಂದರೆ ಇವನೂ… ಇವನೂ ಅಮ್ಮನ ಹಾಗೇನೇ.

ಮರುದಿನ ಅಣ್ಣನನ್ನೂ ಅವನ ಕಾರನ್ನೂ ಕರೆದುಕೊಂಡು ಕಯಾಕ್ ಅಂಗಡಿಗೆ ಹೋದಳು.

“ಪೋಸ್ಟ್‌ಮ್ಯಾನ್‌ಗೆ ಒಂದೇ ದಿನಕ್ಕೆ ಕೊಟ್ರಿ. ನನಗೆ ಯಾಕಿಲ್ಲ?”

ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಈ ಕಥೆ ಇಲ್ಲೇ ಮುಗಿದು ಎಲ್ಲರೂ ಊಟಕ್ಕೆ ಹೋಗಬಹುದಿತ್ತು. ಆದರೆ ಎದುರಿಗೆ ಅವಳ ಅಣ್ಣ ಕೈಕಟ್ಟಿ ನಿಂತಿದ್ದ.

“ನೀವು… ಇನ್ನೂ ಸ್ವಲ್ಪ…”

“ನನ್ನ ಕೈಯಲ್ಲಿ ಆಗಲ್ಲ, ಅಲ್ವಾ? ಮನೇಲೂ ಅದನ್ನೇ ಹೇಳ್ತಾರೆ. ಅದನ್ನ ಕೇಳೋಕೆ ಇಷ್ಟು ದೂರ ಬರಬೇಕಿರಲಿಲ್ಲ.” ಅವಳು ಕಾರಿನತ್ತ ಕೈ ತೋರಿಸಿದಳು. “ಹಳದಿದು ಕೊಡಿ. ಇವತ್ತೇ.”

ಅವನು ಕಯಾಕನ್ನು ಕಾರಿನ ಮೇಲೆ ಕಟ್ಟಿದ. ಕೊನೆಯ ಗಂಟು ಹಾಕುತ್ತ ಕೇಳಿದ, “ಇದನ್ನ ಎಲ್ಲಿಡ್ತೀರಾ?”

“ಆ ಚಿಂತೆ ನಿಮಗೆ ಬೇಡ.”

ಅವಳು ಎಲ್ಲವನ್ನೂ ಅಳೆದಿದ್ದಳು. ಕಯಾಕಿನ ಉದ್ದ, ಕಾರಿನ ಮೇಲ್ಛಾವಣಿ, ಮೂರನೇ ಮಹಡಿಯ ತನ್ನ ಕೋಣೆಯ ಗೋಡೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಊರವರ ಸೊಂಟವನ್ನೆಲ್ಲ ಅಳೆಯುವ ಟೈಲರ್ ತನ್ನ ಮನೆಯ ಮೆಟ್ಟಿಲು ಅಳೆಯಲಿಲ್ಲ.

ಎರಡನೇ ಮಹಡಿಯ ತಿರುವಿನಲ್ಲಿ ಕಯಾಕ್ ಸಿಕ್ಕಿಕೊಂಡಿತು. ಮೂತಿ ಕಂಬಿಯೊಳಗೆ, ಬಾಲ ನಿವೃತ್ತ ಹೆಡ್‌ಮಾಸ್ಟರರ ಬಾಗಿಲಿಗೆ ಅಡ್ಡ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಅಣ್ಣ ಮೇಲಕ್ಕೆ, ಅವಳು ಕೆಳಕ್ಕೆ. ಅರ್ಧ ಗಂಟೆ ಕಳೆದರೂ ಅದು ಒಂದಿಂಚು ಅಲ್ಲಾಡಲಿಲ್ಲ. ಸೊಂಟ ಹಿಡಿದುಕೊಂಡ ಅಣ್ಣ ಮೆಟ್ಟಿಲ ಮೇಲೇ ಕೂತುಬಿಟ್ಟ.

ಬಾಗಿಲ ಸಂದಿಯಿಂದ ಹೆಡ್‌ಮಾಸ್ಟರರ ಮೂಗು ಕಾಣಿಸಿತು. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಮ್ಮ. ಮೆಟ್ಟಿಲಿದ್ದಷ್ಟು ದೋಣಿ ತರಬೇಕಿತ್ತು.”

ಮೇಲಿನಿಂದ ಅಮ್ಮ ಬಗ್ಗಿ ನೋಡಿದರು. “ನಾನು ಅವತ್ತೇ ಹೇಳಿದ್ನಲ್ಲ, ನಿನ್ನ ಕೈಯಲ್ಲಿ…”

“ಅಮ್ಮ, ದಯವಿಟ್ಟು.”

ಬೇರೆ ದಾರಿಯಿರಲಿಲ್ಲ. ಅವಮಾನ ನುಂಗಿಕೊಂಡು ಫೋನ್ ಮಾಡಿದಳು. ಹತ್ತೇ ನಿಮಿಷದಲ್ಲಿ ಅವನು ಬಂದ. ಮೈಮೇಲೆ ಅದೇ ಅಂಗಿ.

“ಸೀಟು ಕಳಚಿ ನೆಟ್ಟಗೆ ನಿಲ್ಲಿಸಿ ತಿರುಗಿಸಿದ್ರೆ ಬರುತ್ತೆ. ನೀವು ಬಾಲ ಹಿಡೀರಿ, ನಾನು ಮೂತಿ ಹಿಡೀತೀನಿ.”

ಹಿಡಿದರು. ಮೂವತ್ತು ಕೆಜಿ ಹಳದಿ ದೋಣಿ ಇಬ್ಬರ ನಡುವೆ ಓರೆಯಾಗಿ ನಿಂತಿತು. ಬಿಟ್ಟು ಓಡಲು ಇಬ್ಬರಿಗೂ ಸಾಧ್ಯವಿಲ್ಲ. ಅವನು ಕೈ ಎತ್ತಿದ್ದರಿಂದ ಅಂಗಿಯ ಪಕ್ಕದ ಹೊಲಿಗೆ ಅವಳ ಕಣ್ಣೆದುರಿಗೇ ಬಂತು. ಬಿಚ್ಚಿ, ಹೊಲಿದು, ಬಿಚ್ಚಿ, ಹೊಲಿದು, ಸಾಲು ಸಾಲು ಸೂಜಿಯ ತೂತು.

“ಮೇಡಂ, ಒಂದು ಮಾತು ಹೇಳಬೇಕು.”

“ಈಗ್ಲೇನಾ?”

“ಈಗಲೇ. ಕೆಳಗೆ ಹೋದ್ರೆ ಧೈರ್ಯ ಬರಲ್ಲ.” ಅವನು ತಲೆಯೆತ್ತಿ ಅಮ್ಮನನ್ನು ನೋಡಿದ. “ಅಮ್ಮ, ನೀವೂ ಕೇಳಿಸ್ಕೊಳ್ಳಿ. ಇವರು ಮೊದಲನೇ ಭಾನುವಾರವೇ ಮೂರು ಸಲ ಬಿದ್ದು ಮೂರು ಸಲ ತಾವೇ ಹತ್ತಿದ್ರು. ಪೋಸ್ಟ್‌ಮ್ಯಾನ್ ಏನೇ ಹೇಳಲಿ, ಅವರಿಗೆ ಹತ್ತೋಕೆ ಬಂದಿದ್ದು ಒಂಬತ್ತನೇ ಸಲಕ್ಕೆ. ಅಷ್ಟು ಬೇಗ ಕಲಿತವರನ್ನ ನಾನು ನೋಡಿಲ್ಲ.”

ಅಮ್ಮ ಎರಡು ಮೆಟ್ಟಿಲು ಇಳಿದು ಬಂದು ಮಗಳ ಮುಖ ನೋಡಿದರು.

“ಹಾಗಾದ್ರೆ ಯಾಕೆ ಕೊಡಲಿಲ್ಲ?” ಅವಳು ಕೇಳಿದಳು.

“ಕೊಟ್ಟಿದ್ರೆ ಎರಡನೇ ಭಾನುವಾರ ನೀವು ಬರ್ತಿರಲಿಲ್ಲ.”

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

“ಆರು ವಾರ ನನ್ನಿಂದ ಆಗಲ್ವೇನೋ ಅಂದುಕೊಂಡಿದ್ದೆ ನಾನು. ನಿಮಗದು ಗೊತ್ತಾ?”

“ಇವತ್ತು ಗೊತ್ತಾಯ್ತು. ತಪ್ಪು ನಂದೇ. ನನ್ನ ಆಸೆ ನೋಡಿಕೊಂಡೆ, ನಿಮ್ಮ ಮನಸ್ಸು ನೋಡಲಿಲ್ಲ. ಕ್ಷಮಿಸಿ.”

ಅವಳು ಮತ್ತೆ ಅವನ ಅಂಗಿಯ ಹೊಲಿಗೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, “ಆ ಅಂಗಿ ಮೊದಲನೇ ಸಲವೇ ಸರಿಯಾಗಿತ್ತು.”

“ಗೊತ್ತು.”

“ನನಗೂ ಗೊತ್ತಿತ್ತು. ಆದ್ರೂ ಪ್ರತಿ ಬುಧವಾರ ಬಿಚ್ಚಿ ಹೊಲಿದೆ. ಯಾಕೆ ಅಂತ ನೀವು ಕೇಳಲೇ ಇಲ್ಲ.”

ಅವನು ಅವಳನ್ನೇ ನೋಡಿದ. ಕಯಾಕ್ ಕೈಯಿಂದ ಜಾರಿ ಕಾಲ ಮೇಲೆ ಕೂತರೂ ಅವನಿಗೆ ನೋವು ತಿಳಿಯಲಿಲ್ಲ.

“ಇಷ್ಟ ಅಂತ ಒಂದು ಸಲ ಬಾಯಿ ಬಿಟ್ಟು ಹೇಳಿಬಿಡಪ್ಪ,” ಬಾಗಿಲ ಸಂದಿ ಮಾತಾಡಿತು. “ನಾನು ಹಾಲು ತರೋಕೆ ಹೋಗಬೇಕು.”

ಅವನು ಹೇಳಿದ. ಹೆಡ್‌ಮಾಸ್ಟರ್ ಹಾಲು ತಂದರು. ಕಯಾಕ್ ಅದೇ ದಿನ ಅವನ ಅಂಗಡಿಯ ಹಿಂದಿನ ಶೆಡ್ಡಿಗೆ ವಾಪಸ್ಸು ಹೋಯಿತು, ಶೆಡ್ಡಿನ ಕೀಲಿಕೈ ಅವಳ ಟೇಪಿನ ತುದಿಗೆ ಕಟ್ಟಿಸಿಕೊಂಡಿತು.

ಮುಂದಿನ ಭಾನುವಾರ ಬೆಳಿಗ್ಗೆ ಅಮ್ಮ, ಅಣ್ಣ ಇಬ್ಬರೂ ದಡದಲ್ಲಿ ನಿಂತಿದ್ದರು. ಅವಳು ತಡೆಗೋಡೆ ದಾಟಿ ಮೊದಲ ಸಲ ಕಡಲಿಗೆ ಹೋದಳು. ಸ್ವಲ್ಪ ದೂರದಲ್ಲಿ ಅವನ ಕಯಾಕ್.

ಗಾಳದ ಕೋಲು ಬಾಗಿತು. ಅವಳ ದೋಣಿ ಓಲಾಡಿತು, ನಿಂತಿತು. ಅಂಗೈಯಗಲದ ಮೀನೊಂದು ಬಿಸಿಲಿನಲ್ಲಿ ಹೊಳೆಯುತ್ತ ಮೇಲೆ ಬಂತು.

“ಸಹಾಯ ಬೇಕಾ?” ಅವನು ಕೂಗಿ ಕೇಳಿದ.

“ಬೇಡ. ನನ್ನ ಕೈಯಲ್ಲಿ ಆಗುತ್ತೆ.” ಮೀನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅವಳು ಅವನತ್ತ ತಿರುಗಿದಳು. “ಆದ್ರೆ ನೀವು ಪಕ್ಕದಲ್ಲೇ ಇರಿ.”

“ಎಷ್ಟು ಭಾನುವಾರ?”

“ಬುಧವಾರನೂ ಸೇರಿಸ್ಕೊಳ್ಳಿ,” ಎಂದಳು ಅವಳು.