ಅಳಿಸದೆ ಬಿಟ್ಟ ಹೆಸರು

ಮೂತ್ರಪಿಂಡಕ್ಕೆ ಕಾಯುವವರ ಪಟ್ಟಿಯಲ್ಲಿ ಅಕ್ಕ ನಲವತ್ತೊಂದನೆಯವಳು. ಬೇಡಿಕೊಳ್ಳಲು ಹೋದ ತಂಗಿಗೆ ಮುಖ್ಯ ವೈದ್ಯರು ತಲೆಯೆತ್ತದೆ ಹೇಳಿದರು: "ಸರದಿ ಅಂದ್ರೆ ಸರದಿ ಕಣಮ್ಮ. ನಿಮ್ಮಕ್ಕನಿಗೆ ಮಾತ್ರಾನಾ ಜೀವ ಇರೋದು?"

ಅವಳಿಗೆ ಸಿಟ್ಟು ಬರಲಿಲ್ಲ. ಈಚೆಗೆ ಏನೂ ಬರುತ್ತಿರಲಿಲ್ಲ. ಆ ಪಟ್ಟಿ ನಡೆಸುವ ಜಾವಾ ಪ್ರೋಗ್ರಾಂ ಬರೆದವಳು ತಾನೇ ಎಂದು ಹೇಳದೆ ಎದ್ದು ಬಂದಳು.

ಪ್ರೋಗ್ರಾಮಿನೊಳಗೆ ಇಪ್ಪತ್ತು ಥ್ರೆಡ್‌ಗಳು; ಇಪ್ಪತ್ತು ಗುಮಾಸ್ತರಿದ್ದ ಹಾಗೆ. ಕೋರಿಕೆ ಬಂದಾಗ ಒಂದು ಥ್ರೆಡ್ ಅದನ್ನು ಹಿಡಿದು, ಕೇಳಿದವರ ಹೆಸರು, ರೋಗಿಯ ನಂಬರು ಗುರುತು ಹಾಕಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಅಳಿಸಲೇಬೇಕು, ಏಕೆಂದರೆ ಮುಂದಿನವರ ಕೆಲಸಕ್ಕೂ ಹೋಗುವುದು ಅದೇ ಥ್ರೆಡ್. ಅಳಿಸಲು ಇರುವುದು ಕೋಡಿನ ಒಂದೇ ಸಾಲು. ಮುನ್ನೂರು ಸಾಲುಗಳ ರಿಪೇರಿಯ ನಡುವೆ ಅವಳು ಅದನ್ನು ಕಿತ್ತಳು. ಪರಿಶೀಲಿಸಬೇಕಾದ ಸಹೋದ್ಯೋಗಿ, "ನೀವು ಬರೆದಿದ್ದನ್ನ ನಾನೇನು ನೋಡೋದು ಮೇಡಂ?" ಎಂದು ಒಪ್ಪಿಗೆ ಒತ್ತಿದ.

ಬೆಳಿಗ್ಗೆ ಹತ್ತಕ್ಕೆ ಮುಖ್ಯ ವೈದ್ಯರು ಎಂದಿನಂತೆ ಪಟ್ಟಿ ತೆರೆದು ಮುಚ್ಚಿದರು. ಅವಳು ಅಕ್ಕನನ್ನು ಮೊದಲ ಸ್ಥಾನಕ್ಕೆ ಏರಿಸಲು, ಕೇಳಿದವರ ಹೆಸರಿಲ್ಲದ ಕೋರಿಕೆಗಳನ್ನು ಕಳಿಸತೊಡಗಿದಳು. ಐದು ತಿರಸ್ಕೃತವಾದವು. ಆರನೆಯದು ವೈದ್ಯರ ಹೆಸರು ಉಳಿದಿದ್ದ ಥ್ರೆಡ್ಡಿಗೇ ಬಿತ್ತು. ಅಕ್ಕ ಒಂದನೆಯವಳಾದಳು, ಅದೂ ವೈದ್ಯರದೇ ಅಪ್ಪಣೆಯಿಂದ. ಹಿಂದೆ ಸರಿದವರು ಯಾರೆಂದು ಅವಳು ನೋಡಲಿಲ್ಲ. ಹತ್ತೇ ನಿಮಿಷದಲ್ಲಿ ಕಿತ್ತ ಸಾಲನ್ನು ಮತ್ತೆ ಸೇರಿಸಿ, ಕೈ ತೊಳೆದುಕೊಂಡು ತಿಂಡಿ ತಿಂದಳು. ರುಚಿ ತಿಳಿಯಲಿಲ್ಲ.

ಮೂರು ಗಂಟೆಗೆ ಅಕ್ಕನ ಫೋನ್ ಬಂತು.

"ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣೇ."

"ಕರೆದ್ರಾ?"

"ಹೆಣ ಯಾವಾಗ ತಗೊಂಡು ಹೋಗ್ತೀರಾ ಅಂತ ಕೇಳಿದ್ರು. ಯಾರದ್ದು ಅಂದೆ. ನನ್ನ ಹೆಸರೇ ಹೇಳಿದ್ರು! ನಾನೇ ಮಾತಾಡ್ತಿರೋದು ಅಂದ್ರೆ, ತಮಾಷೆ ಮಾಡ್ಬೇಡಿ ಅಂತ ಬೈದು ಇಟ್ಟುಬಿಟ್ರು."

ಪಟ್ಟಿಯಲ್ಲಿ ಅಕ್ಕ ಇರಲಿಲ್ಲ. ಮಧ್ಯಾಹ್ನ ಬಂದ ಮೂತ್ರಪಿಂಡ ಮುಂದಿನವರಿಗೆ ಹೋಗಿತ್ತು. ಅಕ್ಕ ಬದುಕಿದ್ದಾಳೆಂದು ದೂರು ಕೊಟ್ಟರೆ ಆ ಹತ್ತು ನಿಮಿಷದ ದಾಖಲೆ ತೆಗೆದು ನೋಡುತ್ತಾರೆ. ಕೊಡದಿದ್ದರೆ ಅಕ್ಕ ಸತ್ತವಳೇ. ಅವಳು ನಿಧಾನವಾಗಿ ಕೋಡ್ ತೆರೆದಳು. ಥ್ರೆಡ್ಡಿನಲ್ಲಿ ಉಳಿಯುವ ಹೆಸರನ್ನು ಲೆಕ್ಕ ಹಾಕಿದ್ದಳು. ತನ್ನ ಕೋರಿಕೆ ಅಲ್ಲಿ ಬಿಟ್ಟುಹೋಗುವ ಅಕ್ಕನ ನಂಬರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಕೋರಿಕೆಯ ಬೆನ್ನಿಗೇ ಯಾವುದೋ ವಾರ್ಡಿನ ನರ್ಸ್, ಹಾಸಿಗೆಯ ನಂಬರನ್ನಷ್ಟೇ ಕೊಟ್ಟು, ಹದಿನಾಲ್ಕನೇ ಹಾಸಿಗೆಯ ರೋಗಿ ತೀರಿಕೊಂಡರೆಂದು ಅಕ್ಕನ ನಂಬರು ಇನ್ನೂ ಉಳಿದಿದ್ದ ಅದೇ ಥ್ರೆಡ್ಡಿನ ಮೂಲಕ ದಾಖಲಿಸಿದ್ದಳು. ಸಾವು ದಾಖಲಿಸುವ ಕಡೆ, ಕೆಲಸ ಬೇಗ ಆಗಲೆಂದು ಎರಡು ವರ್ಷದ ಹಿಂದೆ ಅವಳೇ ಒಂದು ಸಾಲು ಸೇರಿಸಿದ್ದಳು: ಥ್ರೆಡ್ಡಿನಲ್ಲಿ ರೋಗಿಯ ನಂಬರು ಖಾಲಿಯಿದ್ದರೆ ಮಾತ್ರ ಹಾಸಿಗೆಯ ನಂಬರಿನಿಂದ ರೋಗಿಯನ್ನು ಹುಡುಕು.